ಗುರುಗಳು ಇಟ್ಟ ಚುಕ್ಕಿ

“ಚಿಪ್ ಹಾಕಿ, ಬೇಡ ಅನ್ನಲ್ಲ. ಮುಚ್ಚಳ ಮಾತ್ರ ತೆಗೀಬೇಡಿ” ಎಂದರು ಲಮ್ದುವನ್.

ಚಾಂಗ್ ವಿರಟ್ ಕಾದ ಸೋಲ್ಡರಿಂಗ್ ಐರನ್ನನ್ನು ಸ್ಟ್ಯಾಂಡಿಗೆ ವಾಪಸ್ ಇಟ್ಟ. ಥಾಯ್ಲೆಂಡಿನ ಖೋನ್ ಕೆನ್ ಪೇಟೆಯಲ್ಲಿ ಹಳೆಯ ವಿಡಿಯೊ ಗೇಮ್ ಪೆಟ್ಟಿಗೆಗಳ ಹೊಟ್ಟೆ ಬಿಚ್ಚಿ ರಿಪೇರಿ ಮಾಡುವುದೇ ಅವನ ಕಸುಬು; ಚಾಂಗ್ ಅಂದರೆ ಅಲ್ಲಿ ರಿಪೇರಿಯವ. ಬಿಚ್ಚದೆಯೇ ಒಳಗೆ ಬೆಸುಗೆ ಹಾಕು ಎಂದವರು ಇವರೇ ಮೊದಲು. ವಯಸ್ಸಾದ ಗಿರಾಕಿಗಳನ್ನು ಅವನು ಅತ್ತೆ, ಮಾವ ಎಂದೇ ಕರೆಯುತ್ತಿದ್ದ.

ವಿರಟ್: ಮುಚ್ಚಳ ತೆಗೀದೆ ಹೆಂಗೆ ಹಾಕ್ಲಿ ಅತ್ತೆ?

ಲಮ್ದುವನ್: ಆ ಸ್ಕ್ರೂ ಮೇಲಿರೋ ಮೂರು ಬಿಳಿ ಚುಕ್ಕಿ ನೋಡಿ. ವಿಹಾರದ ಗುರುಗಳೇ ಇಟ್ಟಿದ್ದು. ಪಿಕಪ್ ಗಾಡಿ ತಗೊಂಡಾಗ ಅದಕ್ಕೂ ಇದಕ್ಕೂ ಒಟ್ಟಿಗೇ ಮಂತ್ರ ಹೇಳಿ ಇಟ್ರು. ಪಿಕಪ್ ಹೋಯ್ತು, ಇದು ಉಳಿದಿದೆ.

ಬುನ್‌ಲೂಯಿ: ಪಿಕಪ್ ಮಾರಿದ್ದು ಕಣೆ.

ಲಮ್ದುವನ್: ಹೋಯ್ತು ಅಂತಾನೇ ನಾನೂ ಹೇಳಿದ್ದು.

ಗಂಡ ಬುನ್‌ಲೂಯಿ ಕುತ್ತಿಗೆ ತುಂಬ ಬೆವರುಸಾಲೆ ಪೌಡರ್ ಬಳಿದುಕೊಂಡು ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದರು. ರೈಲ್ವೆ ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ಉಳಿದಿದ್ದ ಸುಖ ಸಂಜೆಯ ಫುಟ್‌ಬಾಲ್ ಗೇಮ್ ಒಂದೇ. ಹೋದ ವಾರದಿಂದ ಪೆಟ್ಟಿಗೆ ಅವರ ಅಗ್ಗದ ನಕಲಿ ಡಿಸ್ಕುಗಳನ್ನು ಓದದೆ ಮುಷ್ಕರ ಹೂಡಿತ್ತು.

ವಿರಟ್: ಮುಂಚೆ ನಕಲಿ ಡಿಸ್ಕ್ ಓದ್ತಿತ್ತಾ ಮಾವ?

ಬುನ್‌ಲೂಯಿ: ಚೆನ್ನಾಗೇ ಓದ್ತಿತ್ತು.

ವಿರಟ್: ಚಿಪ್ ಇಲ್ದೆ ಓದಲ್ವಲ್ಲ. ಯಾರಾದ್ರೂ ಬಿಚ್ಚಿ ಹಾಕಿದ್ರಾ?

ಬುನ್‌ಲೂಯಿ: (ಹೆಂಡತಿಯ ಕಡೆ ನೋಡಿ) ಯಾರೂ ಬಿಚ್ಚಿಲ್ಲ.

ವಿರಟ್: ಮತ್ತೆ ಹೆಂಗೆ ಓದ್ತಿತ್ತು?

ಬುನ್‌ಲೂಯಿ: ಗುರುಗಳ ಆಶೀರ್ವಾದ.

ಲಮ್ದುವನ್: ಇನ್ನೇನು ಮತ್ತೆ.

ವಿರಟ್: ಹೋದ ವಾರ ಆಶೀರ್ವಾದ ಮುಗೀತಾ?

ಲಮ್ದುವನ್: ನಕಲಿ ಡಿಸ್ಕನ್ನ ಎಷ್ಟು ದಿನ ಅಂತ ಸಹಿಸ್ಕೊಳ್ಳುತ್ತೆ ಪಾಪ.

ವಿರಟ್ ಚುಕ್ಕಿಗಳನ್ನು ನೋಡಲೆಂದು ಪೆಟ್ಟಿಗೆಯನ್ನು ಮುಖದ ಹತ್ತಿರ ತಂದ. ಹಾಗೇ ಮೂಸಿದ.

ವಿರಟ್: ಗುರುಗಳು ಚುಕ್ಕಿಗೆ ಪುದೀನ ಹಾಕ್ತಾರಾ ಅತ್ತೆ?

ಲಮ್ದುವನ್: ಅವರು ಏನು ಹಾಕ್ತಾರೆ ಅಂತ ಕೇಳೋಕೆ ನಾವು ಯಾರು?

ಬುನ್‌ಲೂಯಿ: ಇಲ್ಲಿ ಕೊಡಿ. (ಮೂಸಿ, ಹೆಂಡತಿಗೆ) ಇದು ನಿನ್ನ ಟೂತ್‌ಪೇಸ್ಟು.

ವಿರಟ್ ಉಗುರಿನಿಂದ ಮೆಲ್ಲಗೆ ಕೆರೆದ. ಪೇಸ್ಟಿನ ಅಡಿಯಲ್ಲಿ ಅರ್ಧ ಅಳಿಸಿದ ಇನ್ನೊಂದು ಸುತ್ತು ಚುಕ್ಕಿಗಳಿದ್ದವು. ಮುಟ್ಟಿದರೆ ಬೆರಳು ತಣ್ಣಗಾಗುತ್ತಿತ್ತು. ಅವನು ಒಮ್ಮೆ ಚುಕ್ಕಿ ನೋಡಿದ, ಒಮ್ಮೆ ಬುನ್‌ಲೂಯಿಯ ಕುತ್ತಿಗೆ ನೋಡಿದ.

ಲಮ್ದುವನ್: ಅದು ನಿಮ್ಮ ಪೌಡರು.

ಬುನ್‌ಲೂಯಿ: ಗುರುಗಳಿಗೂ ಸೆಕೆ ಆಗುತ್ತೆ.

ಅದರ ಅಡಿಯಲ್ಲಿ ಬರೀ ಸ್ಕ್ರೂ ಇತ್ತು. ಗುರುಗಳ ಚುಕ್ಕಿ ಹೋಗಿ, ಇಬ್ಬರೂ ಒಂದೊಂದು ಸಲ ಬಿಚ್ಚಿದ್ದು ಬಯಲಾಗಿತ್ತು. ವಿರಟ್ ಮುಚ್ಚಳ ತೆಗೆದ.

ವಿರಟ್: ಚಿಪ್ ಆಗ್ಲೇ ಇದೆ. ಒಂದು ತಂತಿ ಕಟ್ಟಾಗಿದೆ. ಇಲಿ ಕಡಿದಿದ್ದಲ್ಲ, ಉಗುರು ಕಟರ್‌ದು.

ಬುನ್‌ಲೂಯಿ: ಅದಕ್ಕೇ ನನ್ನ ಕಟರ್ ಮೊಂಡಾಗಿದೆ.

ಲಮ್ದುವನ್: ನಂಗೆ ಗೊತ್ತಿಲ್ದೆ ಚಿಪ್ ಹಾಕಿಸ್ದೋರು ಯಾರು?

ಬುನ್‌ಲೂಯಿ: ನಂಗೆ ಗೊತ್ತಿಲ್ದೆ ತಂತಿ ಕತ್ತರಿಸ್ದೋರು ಯಾರು?

ಲಮ್ದುವನ್: ನಾನೇ. ಸಂಜೆ ಬಡಿಸ್ಕೊಂಡು ಕೂತ್ರೆ ನೀವು ಗೋಲು ಹೊಡೀತಾ ಇರ್ತೀರ. ಒಬ್ಳೇ ತಿಂದು ತಿಂದು ಸಾಕಾಗಿದೆ.

ವಿರಟ್‌ಗೆ ಅಯ್ಯೋ ಅನ್ನಿಸಿತು. ತಂತಿ ಕೂಡಿಸಿದರೆ ಅತ್ತೆಗೆ ಬೇಜಾರು, ಕೂಡಿಸದಿದ್ದರೆ ಮಾವನಿಗೆ. ಐರನ್ ಹಿಡಿದು ಇಬ್ಬರ ಮುಖವನ್ನೂ ನೋಡಿದ.

ಬುನ್‌ಲೂಯಿ: ಚಾಂಗ್, ಚಿಪ್ ಆಫ್ ಮಾಡೋಕೆ ಒಂದು ಸ್ವಿಚ್ ಹಾಕಬಹುದಾ?

ವಿರಟ್: ಹಾಕಬಹುದು. ಪೆಟ್ಟಿಗೆ ಹಿಂದೆ ಕೂರಿಸ್ತೀನಿ.

ಬುನ್‌ಲೂಯಿ: ಹಿಂದೆ ಬೇಡ. ತಂತಿ ಉದ್ದ ಬಿಡಿ, ಅಡುಗೆಮನೆ ತನಕ. ಊಟ ಆಗೋವರೆಗೂ ಆಫ್ ಇರ್ಲಿ. ಆಮೇಲೆ ಅವಳೇ ಆನ್ ಮಾಡ್ಲಿ.

ಲಮ್ದುವನ್: ಪಾತ್ರೆ ತೊಳೆದ ಮೇಲೆ.

ಬುನ್‌ಲೂಯಿ: ಪಾತ್ರೆ ತೊಳೆದ ಮೇಲೆ.

ವಿರಟ್ ತಂತಿಗೆ ಬೆಸುಗೆ ಹಾಕಿ, ಸ್ವಿಚ್ ಜೋಡಿಸಿ, ಮುಚ್ಚಳ ಬಿಗಿದ. ಸ್ಕ್ರೂ ಬೋಳಾಗಿ ಕಾಣುತ್ತಿತ್ತು. ಮೂವರೂ ಅದನ್ನೇ ನೋಡಿದರು.

ವಿರಟ್: ವಿಹಾರಕ್ಕೇ ತಗೊಂಡು ಹೋಗಿ. ಬೀದಿ ಕೊನೇಲೇ ಇದೆಯಲ್ಲ.

ಲಮ್ದುವನ್: ಹಳೇ ಚುಕ್ಕಿ ಏನಾಯ್ತು ಅಂತ ಗುರುಗಳು ಕೇಳ್ತಾರೆ.

ಬುನ್‌ಲೂಯಿ: ಕೇಳೇ ಕೇಳ್ತಾರೆ.

ಲಮ್ದುವನ್: ಆ ಟ್ಯೂಬಲ್ಲಿ ಬೆಳ್ಳಗಿರೋದು ಏನು ಚಾಂಗ್?

ವಿರಟ್: ಚಿಪ್ ಬಿಸಿ ಆಗದಿರ್ಲಿ ಅಂತ ಹಚ್ಚೋ ಪೇಸ್ಟು.

ಲಮ್ದುವನ್: ವಾಸನೆ ಬರುತ್ತಾ?

ವಿರಟ್: ಇಲ್ಲ.

ಲಮ್ದುವನ್: ಹಂಗಾದ್ರೆ ಕೈ ತೊಳ್ಕೊಂಡು ಬಂದು ಮೂರು ಚುಕ್ಕಿ ಇಡಿ.