ಹರಳು ಸಾಹೇಬರು

ಗೋವೆಯ ಕುಂಡಯಿ ಬಳಿಯ ಘನವಸ್ತು ಸಂಶೋಧನಾ ಕೇಂದ್ರದಲ್ಲಿ ಹವಾನಿಯಂತ್ರಣವು ಹುದ್ದೆಗೆ ಸಲ್ಲತಕ್ಕದ್ದೇ ಹೊರತು ವಸ್ತುವಿಗೆ ಸಲ್ಲತಕ್ಕದ್ದಲ್ಲ. ಜಂಟಿ ನಿರ್ದೇಶಕರು ಮತ್ತು ಅವರಿಗಿಂತ ಮೇಲಿನವರು ತಂಪಿಗೆ ಅರ್ಹರು. ಉಳಿದವರಿಗೆ ಫ್ಯಾನು. ಹರಳುಗಳ ಬಗ್ಗೆ ನಿಯಮದಲ್ಲಿ ಪ್ರಸ್ತಾಪವಿಲ್ಲ, ಏಕೆಂದರೆ ನಿಯಮ ಬರೆದಾಗ ಈ ಕೇಂದ್ರದಲ್ಲಿ ಹರಳು ಬೆಳೆದೀತೆಂದು ಯಾರೂ ನಂಬಿರಲಿಲ್ಲ.

ವಿಜ್ಞಾನಿ ಕೇಶಪ್ಪನವರೂ ಅಷ್ಟಾಗಿ ನಂಬಿದವರಲ್ಲ. ಹರಳಿನೊಳಗೆ ಯಾವ ಪರಮಾಣುವಿನ ಪಕ್ಕ ಯಾವುದು ಕೂತಿದೆ ಎಂದು ಹುಡುಕುವುದರಲ್ಲಿ ಅವರ ತಲೆಗೂದಲು ಉದುರಿತ್ತು. ಅವರ ಪ್ರಬಂಧಗಳನ್ನು ಲೋಕದಲ್ಲಿ ಇಬ್ಬರು ಓದುತ್ತಿದ್ದರು: ಒಬ್ಬರು ಸ್ವತಃ ಅವರು, ಇನ್ನೊಬ್ಬರು ಅವನ್ನು ತಿರಸ್ಕರಿಸಬೇಕಾದವರು. ಕಲಂಗುಟ್ ಬೀಚಿನಲ್ಲಿ ಮಣಿಸರ ಮಾರಿ ಮಗನನ್ನು ಓದಿಸಿದ ಅವರ ತಾಯಿ ದುರ್ಗಾಬಾಯಿ ಒಮ್ಮೆ ಅವರ ಹರಳೊಂದನ್ನು ಕಣ್ಣು ಕಿರಿದು ಮಾಡಿ ನೋಡಿ, "ತೂತ ಎಲ್ಲೈತೋ ಕೇಶಿ? ದಾರ ಹೆಂಗ ಪೋಣಸೋದು?" ಎಂದು ಕೇಳಿದ್ದರು. ಯಾವ ವಿಚಾರಸಂಕಿರಣದಲ್ಲೂ ತಮ್ಮ ಕೆಲಸದ ಬಗ್ಗೆ ಇಷ್ಟು ಆಸಕ್ತಿಯಿಂದ ಯಾರೂ ಕೇಳಿಲ್ಲವೆಂದು ಕೇಶಪ್ಪ ಈಗಲೂ ಹೇಳುತ್ತಾರೆ.

ಅಂಥವರ ಕೈಯಲ್ಲಿ ಒಂದು ಮೇ ತಿಂಗಳ ಕೊನೆಗೆ, ಯಾರೂ ಕಂಡಿರದ ಹಸಿರು ಹರಳೊಂದು ಸಾಸಿವೆ ಕಾಳಿನಷ್ಟು ಬೆಳೆಯಿತು. ಸೂಜಿಯ ತುದಿಗೆ ಅಂಟಿಸಿ ಕ್ಷ-ಕಿರಣ ಯಂತ್ರದಲ್ಲಿ ತಿರುಗಿಸಿ ಅದರ ರಚನೆ ಕಂಡುಹಿಡಿದರೆ ಕೇಶಪ್ಪನವರ ಹೆಸರು ಒಮ್ಮೆಯಾದರೂ ನಿಲ್ಲುತ್ತಿತ್ತು. ಯಂತ್ರದ ಸರದಿ ಸಿಕ್ಕಿದ್ದು ಸೆಪ್ಟೆಂಬರಿಗೆ. ಹರಳಿನದು ತೇವ ತಾಗಿದರೆ ಕರಗಿ ನೀರಾಗುವ ಸ್ವಭಾವ. ಗೋವೆಯ ಜೂನಿನದು ಬೆಲ್ಟಿಗೂ ಚಪ್ಪಲಿಗೂ ಬೂಸ್ಟು ಹಿಡಿಸುವ ಸ್ವಭಾವ. ತೇವ ಹೀರುವ ಸಿಲಿಕಾ ಜೆಲ್ ಖರೀದಿಯ ಟೆಂಡರು ಆಗಲೇ ಎರಡನೇ ಮಳೆಗಾಲಕ್ಕೆ ಕಾಲಿಟ್ಟಿತ್ತು.

ಕೇಶಪ್ಪ ಆಡಳಿತಾಧಿಕಾರಿ ಗೀತಾಂಜಲಿಯವರ ಬಳಿ ಹೋದರು. ಅವರು ವಾಸ್ಕೋದಲ್ಲಿ ಬೆಳೆದ ಕನ್ನಡದವರು, ಮನಸ್ಸು ಒಳ್ಳೆಯದು.

"ಜಂಟಿ ನಿರ್ದೇಶಕರ ಖೋಲಿ ಖಾಲಿ ಐತಲ್ರೀ ಮೇಡಂ. ಎ.ಸಿ. ಸುಮ್ನ ನಿಂತೈತಿ."

"ಹುದ್ದೆದಾಗ ಇದ್ದವರಿಗೆ ಅಷ್ಟ ರೀ ಅದು. ನಿಮ್ಮ ಹರಳು ಹುದ್ದೆದಾಗ ಐತೇನ್ರಿ?"

"ಇಲ್ರಿ."

"ಹಂಗಾದ್ರ ಅರ್ಜಿ ಹಾಕಸ್ರಿ. ಹುದ್ದೆನೂ ಖಾಲಿನ ಐತಿ."

ಸಂದರ್ಶನಕ್ಕೆ ಮೂವರು ಮನುಷ್ಯರೂ ಬಂದಿದ್ದರು. ಒಬ್ಬರು ಸಮಿತಿಯ ಪ್ರಶ್ನೆಯನ್ನೇ ತಿದ್ದಿದರು. ಇನ್ನಿಬ್ಬರು ಪ್ರಯೋಗಾಲಯದಲ್ಲಿ ನೀರು ಬರುತ್ತದೆಯೇ ಎಂದು ವಿಚಾರಿಸಿದರು. ಹರಳು ಯಾವುದಕ್ಕೂ ಎದುರಾಡಲಿಲ್ಲ. "ಗಂಭೀರ ವ್ಯಕ್ತಿತ್ವ, ಯಾವ ಗುಂಪಿಗೂ ಸೇರಿಲ್ಲ" ಎಂದು ಸಮಿತಿ ಷರಾ ಬರೆದು ನೇಮಕದ ಆದೇಶ ಹೊರಡಿಸಿತು. ಬಾಗಿಲು ಕಾಯಲು ಜವಾನ ಗಣಪ್ಪನನ್ನು ಕೊಟ್ಟರು.

ಮಳೆಗಾಲವಿಡೀ ಕೇಶಪ್ಪ ದಿನಾ ಬೆಳಿಗ್ಗೆ ಹೋಗಿ ನೋಡಿ ಬಂದರು. ಹರಳಿನ ಒಂದು ಅಂಚೂ ಮಸುಕಾಗಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವರಿಗಂತೂ ಸಾಹೇಬರೇ ಹುಟ್ಟಿದ್ದರು.

ಸೆಪ್ಟೆಂಬರಿನಲ್ಲಿ ಸರದಿ ಬಂತು. ಚಿಮುಟ ಹಿಡಿದು ಹೊರಟ ಕೇಶಪ್ಪನವರಿಗೆ ಬಾಗಿಲಲ್ಲೇ ಸುತ್ತೋಲೆ ಸಿಕ್ಕಿತು: "ಜಂಟಿ ನಿರ್ದೇಶಕ ದರ್ಜೆಯ ಅಧಿಕಾರಿಯನ್ನು ಸೂಜಿಯ ತುದಿಗೆ ಅಂಟಿಸುವುದು, ಗಿರಗಿರನೆ ತಿರುಗಿಸುವುದು ಹಾಗೂ ಅವರ ಮೇಲೆ ಕಿರಣ ಹಾಯಿಸುವುದು ಶಿಸ್ತುಭಂಗವಾಗಿರುತ್ತದೆ. ಅನಿವಾರ್ಯವಾದಲ್ಲಿ ಸದರಿ ಅಧಿಕಾರಿಯ ಲಿಖಿತ ಒಪ್ಪಿಗೆ ಪಡೆಯತಕ್ಕದ್ದು."

"ಮೇಡಂ, ಅದು ನಾನ ಮಾಡಿದ ಹರಳ್ರೀ."

"ಸಾಹೇಬ್ರಿಗೆ ಅದು ಇದು ಅನಬ್ಯಾಡ್ರಿ," ಎಂದರು ಗೀತಾಂಜಲಿ ದನಿ ತಗ್ಗಿಸಿ. "ಒಳಗ ಕೇಳಸತೈತಿ."

ಕೇಶಪ್ಪ ಒಪ್ಪಿಗೆ ಕೋರಿ ಪತ್ರ ಬರೆದು ಸಾಹೇಬರ ಮುಂದಿಟ್ಟರು. ಉತ್ತರ ಬರುವಷ್ಟರಲ್ಲಿ ಸರದಿ ಮುಗಿಯಿತು. ಉತ್ತರ ಇನ್ನೂ ಬಂದಿಲ್ಲ.

ಜನವರಿಯಲ್ಲಿ ಯಾವುದೋ ಒಣ ಹವೆಯ ದೇಶದವರು ಅದೇ ಹರಳು ಬೆಳೆಸಿ, ರಚನೆ ಅಳೆದು, ಬಣ್ಣದ ಚಿತ್ರದ ಸಮೇತ ಪ್ರಕಟಿಸಿದರು. ಕುಂಡಯಿ ಬಸ್‌ ಸ್ಟಾಪಿನಲ್ಲಿ ಮೊಬೈಲಿನಲ್ಲಿ ಅದನ್ನು ಓದಿ ಕೇಶಪ್ಪನವರ ಹೊಟ್ಟೆ ಉರಿಯಿತು. ಆಮೇಲೆ ಅಳು ಬಂತು. ಬಂದ ಬಸ್ಸು ಹತ್ತದೆ ಬಿಟ್ಟರು.

ಕೇಂದ್ರದಲ್ಲಿ ಮಾತ್ರ ಹಬ್ಬ. ನಮ್ಮ ಜಂಟಿ ನಿರ್ದೇಶಕರ ಆಂತರಿಕ ರಚನೆಗೆ ಅಂತರರಾಷ್ಟ್ರೀಯ ಮನ್ನಣೆ ದೊರೆತಿದೆ ಎಂದು ಬ್ಯಾನರು ಕಟ್ಟಿದರು. ಹೂವಿನ ಹಾರದಲ್ಲಿ ತೇವವಿರುವುದರಿಂದ ಪ್ಲಾಸ್ಟಿಕ್ ಹಾರ ತಂದರು. ಸಾಹೇಬರನ್ನು ಹತ್ತಿರದಿಂದ ಬಲ್ಲವರೆಂದು ಅಭಿನಂದನಾ ಭಾಷಣವನ್ನು ಕೇಶಪ್ಪನವರಿಗೇ ವಹಿಸಿದರು. ಭಾಷಣ ಅರ್ಧವಾಗುವಷ್ಟರಲ್ಲಿ ತಮಗೂ ಹೆಮ್ಮೆಯಾಗುತ್ತಿರುವುದು ಅವರ ಗಮನಕ್ಕೆ ಬಂತು.

ಮುಂದಿನ ಸೋಮವಾರ ಮತ್ತೊಂದು ಹೊಸ ಹರಳು ಬೆಳೆಸಲು ಅನುಮತಿ ಕೋರಿ ಸಾಹೇಬರಿಗೆ ಅರ್ಜಿ ಕಳಿಸಿ, ಕೇಶಪ್ಪ ಹೊರಗಿನ ಬೆಂಚಿನ ಮೇಲೆ ಕೂತರು. ಗಣಪ್ಪ ಒಳಗೆ ಹೋಗಿ ಅರ್ಜಿ ಸಮೇತ ತಿರುಗಿ ಬಂದ.

"ಏನಂದ್ರೋ ಗಣಪ್ಪ?"

"ಏನೂ ಅನಲಿಲ್ರಿ. ಆದ್ರ ಇನ್ನೊಂದು ಹರಳು ಅಂದ್ರ ಇನ್ನೊಬ್ಬ ಸಾಹೇಬ್ರು ಬಂದಂಗಲ್ರೀ? ಇದ್ದವರು ಹೆಂಗ ಒಪ್ಪತಾರ?"

ಮಾತು ಖರೇ ಅನ್ನಿಸಿತು ಕೇಶಪ್ಪನವರಿಗೆ. ಆ ಜಾಗದಲ್ಲಿ ತಾವಿದ್ದರೂ ಒಪ್ಪುತ್ತಿರಲಿಲ್ಲ. ಅರ್ಜಿಯನ್ನು ಮಡಚಿ ಜೇಬಿಗಿಟ್ಟು, ಸಾಹೇಬರಿಗೆ ತಪ್ಪು ತಿಳಿವಳಿಕೆ ಆಗದಿರಲೆಂದು ಕ್ಷಮೆ ಕೋರುವ ಪತ್ರ ಬರೆಯಲು ತಮ್ಮ ಫ್ಯಾನಿನ ಕೆಳಗೆ ಹೋಗಿ ಕೂತರು.