ಮುನಿಯಮ್ಮನ ಹಸುಗಳ ನಷ್ಟ

ಮುನಿಯಮ್ಮ ಕೇಳಿದ್ದು ಒಂದೇ ಮಾತು: ಎರಡು ಹಸು ಸಾಕಿದ್ದರಿಂದ ತನಗೆ ಲಾಭವೋ, ನಷ್ಟವೋ? ಲಾಭ ಎಂದು ಹೇಳಿ ಡಾಕ್ಟರ್ ಮನೋಹರ್ ಜೀಪು ಹತ್ತಿದ್ದರೆ ಆ ದಿನ ಸುಖವಾಗಿ ಕಳೆಯುತ್ತಿತ್ತು. ಆದರೆ ಕೃಷಿ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವನು ಒಂದೇ ಮಾತಿನಲ್ಲಿ ಉತ್ತರ ಕೊಟ್ಟರೆ ಓದಿದ್ದಕ್ಕೆ ಅವಮಾನ. ಅವನು ಕ್ಯಾಲ್ಕುಲೇಟರ್ ತೆಗೆದ.

ಬೆಂಗಳೂರಿನ ಗ್ರಾಮಾಭಿವೃದ್ಧಿ ಸಂಸ್ಥೆಯೊಂದರಲ್ಲಿ ಅವನಿಗೆ ಕೆಲಸ. ಸಾತನೂರು ಕಡೆಯ ಈ ಹಳ್ಳಿಯ ಹೆಂಗಸರಿಗೆ ಹೈನುಗಾರಿಕೆ ಕಲಿಸುವುದು ಅವನ ಯೋಜನೆ. ಅವನು ಹುಟ್ಟುವ ಮೊದಲಿಂದಲೂ ಅವರು ಹಾಲು ಕರೆಯುತ್ತಿದ್ದರು ಎಂಬುದು ಯೋಜನೆಗೆ ಅಡ್ಡಿಯಾಗಿರಲಿಲ್ಲ. ಅದನ್ನು ನೋಡಲು ಆ ಸಂಜೆಯೇ ದೆಹಲಿಯಿಂದ, ಯೋಜನೆಗೆ ಹಣ ಕೊಡುವವರು ಬರುವವರಿದ್ದರು.

ಹುಲ್ಲು, ಬೂಸಾ, ಹಿಂಡಿ, ಔಷಧಿ ಕಳೆದ ಮೇಲೂ ಮುನಿಯಮ್ಮನಿಗೆ ಒಂದಿಷ್ಟು ಉಳಿಯುತ್ತಿತ್ತು. ಆಗ ಮನೋಹರ್ ಅವಳ ದುಡಿಮೆಗೆ ದಿನಕ್ಕೆ ಅರವತ್ತು ರೂಪಾಯಿ ಕೂಲಿ ಕಟ್ಟಿ ಖರ್ಚಿಗೆ ಸೇರಿಸಿದ. ಲೆಕ್ಕ ಮಗುಚಿಕೊಂಡಿತು.

"ನಂಗೆ ಕೂಲಿ ಯಾರ್ ಕೊಟ್ರು ಸಾರ್?"

"ಯಾರೂ ಕೊಡ್ಲಿಲ್ಲ. ಅದಕ್ಕೇ ನಷ್ಟ," ಎಂದ ಮನೋಹರ್, ಮಗುವಿನ ಮೊದಲ ಹಲ್ಲು ತೋರಿಸುವ ತಾಯಿಯ ಹೆಮ್ಮೆಯಿಂದ. "ಹನ್ನೊಂದು ವರ್ಷದಿಂದ ನಷ್ಟ."

ಹತ್ತು ಗಂಟೆಯ ಹೊತ್ತಿಗೆ ಶಾಲೆಯ ಜಗಲಿಯಲ್ಲಿ ಹೆಂಗಸರು ಸಾಲುಗಟ್ಟಿದ್ದರು, ಜ್ಯೋತಿಷಿಗೆ ಕೈ ತೋರಿಸಲು ಬಂದವರ ಹಾಗೆ. ಮನೋಹರ್ ನಲವತ್ತೆರಡು ಮನೆಗಳನ್ನು ಬಿಡದೆ ನಷ್ಟಕ್ಕೆ ದೂಡಿದ. ಇಷ್ಟು ಚೆಂದದ ಅಂಕಿಅಂಶ ಅವನ ವೃತ್ತಿಜೀವನದಲ್ಲೇ ಸಿಕ್ಕಿರಲಿಲ್ಲ. ಒಂದು ಪ್ರಬಂಧವಂತೂ ಖಂಡಿತ. ಅದೃಷ್ಟವಿದ್ದರೆ ಅದನ್ನು ವಿದೇಶದಲ್ಲೇ ಮಂಡಿಸಬಹುದು.

ಮೂರು ಗಂಟೆಗೆ ಹಾಲಿನ ಡೈರಿಯ ಕಾರ್ಯದರ್ಶಿ ಪುಟ್ಟಲಿಂಗಯ್ಯ ಓಡಿಬಂದ. ಸಂಜೆ ಯಾರೂ ಡೈರಿಗೆ ಹಾಲು ಹಾಕುವುದಿಲ್ಲವೆಂದು ಹೆಂಗಸರು ತೀರ್ಮಾನಿಸಿದ್ದರು. ಮುನಿಯಮ್ಮ ಆಗಲೇ ಕರುಗಳನ್ನು ಬಿಚ್ಚಿಬಿಟ್ಟಿದ್ದಳು; ಅವು ಕುಡಿದು ಕುಡಿದು ಬೀಗರ ಊಟ ಮುಗಿಸಿದವರಂತೆ ಬಿದ್ದುಕೊಂಡಿದ್ದವು.

"ಏನ್ ಸಾರ್ ಮಾಡ್ಬುಟ್ರಿ? ಬಂದೋರಿಗೆ ಬರೀ ಕ್ಯಾನ್ ತೋರ್ಸ್ಲಾ?" ಎಂದ ಪುಟ್ಟಲಿಂಗಯ್ಯ.

ಮನೋಹರ್ ಬೆವರುತ್ತ ಮುನಿಯಮ್ಮನ ಮನೆಗೆ ನಡೆದ. ಅದು ಬರೀ ಕಾಗದದ ಮೇಲಿನ ಕೂಲಿ, ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ತಿಳಿಹೇಳಿದ. ಅವಳ ಸಿಟ್ಟೇ ಬೇರೆಯಾಗಿತ್ತು. ಹನ್ನೊಂದು ವರ್ಷ ಮನೆ ಮುಳುಗಿಸಿದವಳೆಂದು ಗಂಡ ಬೆಳಗಿನಿಂದ ಊರೆಲ್ಲ ಸಾರಿಕೊಂಡು ಬಂದಿದ್ದ. ಉಳಿದ ಗಂಡಸರೂ ತಮ್ಮ ತಮ್ಮ ಮನೆಯಲ್ಲಿ ಅದನ್ನೇ ಶುರುಮಾಡಿದ್ದರು.

"ನಮ್ಗೆ ಲಾಭ ಐತೆ ಅಂತ ದೊಡ್ಡೋರ ಮುಂದೆ ಮೈಕಲ್ಲಿ ಹೇಳಿ. ಗಂಡಸ್ರೂ ಕೇಳುಸ್ಕೊಳ್ಲಿ. ಆಮ್ಯಾಕೆ ಹಾಲು ಹಾಕ್ತೀವಿ."

ಐದಕ್ಕೆ ಸಂಸ್ಥೆಯ ನಿರ್ದೇಶಕಿ ಭಾನುಪ್ರಿಯ ದೆಹಲಿಯವರನ್ನು ಕರೆತಂದರು. ಮನೋಹರ್ ಮೈಕು ಹಿಡಿದ. ಬೆಳಗಿನ ಲೆಕ್ಕ ತನ್ನ ತಪ್ಪು, ಇಲ್ಲಿನ ಒಂದೊಂದು ಹಸುವೂ ವರ್ಷಕ್ಕೆ ಎಂಟು ಸಾವಿರ ನಿವ್ವಳ ಲಾಭ ತರುತ್ತಿದೆ ಎಂದು, ಓದಿದ ಅರ್ಥಶಾಸ್ತ್ರವನ್ನೆಲ್ಲ ನುಂಗಿಕೊಂಡು ಘೋಷಿಸಿದ. ಹೆಂಗಸರು ಚಪ್ಪಾಳೆ ತಟ್ಟಿ ಎದ್ದುಹೋಗಿ ಹಾಲು ಕರೆದು ತಂದರು. ಕ್ಯಾನುಗಳು ತುಂಬಿದವು. ದೆಹಲಿಯವರು ಏನೋ ಬರೆದುಕೊಂಡರು.

ಭಾನುಪ್ರಿಯ ಅವನನ್ನು ಪಕ್ಕಕ್ಕೆ ಕರೆದರು. "ಇಷ್ಟು ಲಾಭದಲ್ಲಿರೋ ಊರಿಗೆ ನಮ್ಮ ಸಹಾಯ ಯಾಕೆ ಅಂತಿದ್ದಾರೆ, ಮನೋಹರ್. ಯೋಜನೆ ಈ ತಿಂಗಳಿಗೆ ಮುಗೀತು. ನೀವೂ ಬೇರೆ ಕಡೆ ನೋಡ್ಕೊಳ್ಳಿ."

ದೆಹಲಿಯವರು ಜೀಪಿನಲ್ಲಿ ಕಾಲು ಚಾಚಿ ಕುಳಿತಿದ್ದರಿಂದ ಅವನಿಗೆ ಜಾಗವಿರಲಿಲ್ಲ. ಕನಕಪುರದ ಬಸ್ಸಿಗೆ ಕಾಯುತ್ತ ನಿಂತ. ಕೆಲಸ ಹೋದ ಸುದ್ದಿ ಕೇಳಿ ಮುನಿಯಮ್ಮ ಹುಡುಕಿಕೊಂಡು ಬಂದಳು. ಸೋಮವಾರದಿಂದ ಅವಳೂ ಇನ್ನೂ ಹತ್ತು ಹೆಂಗಸರೂ ಹೊಸ ಗಾರ್ಮೆಂಟ್ ಫ್ಯಾಕ್ಟರಿಯ ಕೆಲಸಕ್ಕೆ ಹೋಗುವವರಿದ್ದರು. ವ್ಯಾನು ಊರ ಬಾಗಿಲಿಗೇ ಬರುತ್ತದಂತೆ.

"ಹಸಿನಲ್ಲಿ ಅಷ್ಟೊಂದು ಲಾಭ ಐತೆ ಅಂತ ನೀವೇ ಹೇಳುದ್ರಲ್ಲ. ಹಂಗಾರೆ ಒಬ್ಬ ಆಳು ಇಟ್ಕೊಂಡ್ರೂ ಗಿಟ್ತದೆ. ನೀವೇ ಬಂದ್ಬುಡಿ ಸಾರ್. ಊಟ ಹಾಕಿ, ಮ್ಯಾಲೆ ಒಸಿ ದುಡ್ಡೂ ಕೊಡ್ತೀನಿ."

ಆ ದಿನ ಮನೋಹರನ ಬಗ್ಗೆ ಯೋಚಿಸಿದವಳು ಇವಳೊಬ್ಬಳೇ.

"ಹಾಲು ಕರೆಯಾಕೆ ಬತ್ತದಾ?" ಎಂದಳು ಮುನಿಯಮ್ಮ.

ಹಾಲಿನ ಮೇಲೆ ಇನ್ನೂರ ಎಂಬತ್ತು ಪುಟ ಬರೆದಿದ್ದವನು ಇಲ್ಲವೆಂದು ತಲೆಯಾಡಿಸಿದ.

ಮುನಿಯಮ್ಮ ಅವನನ್ನು ತಲೆಯಿಂದ ಬೂಟಿನವರೆಗೆ ಒಮ್ಮೆ ನೋಡಿ, "ಹಂಗಾರೆ ಬ್ಯಾಡ ಬುಡಿ," ಎಂದು ಹೊರಟುಹೋದಳು.