ಕಾಲ್ ದೇವರು

1984ನೇ ಇಸವಿ ಮಾರ್ಚ್ 11, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಮುಳಬಾಗಿಲು ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಟೈಲರ್ ಅಬ್ದುಲ್ ರಜಾಕ್ ಒಂದು ಮಾತು ಆಡಿದ. ಮೆಲ್ಲಗೆ ಮಾತಾಡುವುದು ರಜಾಕನಿಗೆ ಗೊತ್ತಿಲ್ಲ. ಹೊಲಿಗೆ ಮೆಷಿನ್ನಿನ ಸದ್ದನ್ನು ಮೀರಿಸಿ ಗಿರಾಕಿಗಳ ಹತ್ತಿರ ಮಾತಾಡಿ ಪಳಗಿದ ಗಂಟಲು ಅದು.

"ಏಳಿ ಮೇಷ್ಟ್ರೇ, ಇವತ್ತು ಕಾಲ್ ದೇವ್ರ ಹತ್ರ ಹೋಗೇಬಿಡಣ. ಆವಯ್ಯ ಒಂದು ಮಾತು ಅಂದ್ರೆ ಸಾಕು, ನಿಂತೋಗಿರೋರೆಲ್ಲ ನಡೀತಾರೆ."

ಹೇಳಿದ್ದು ಎದುರಿಗೆ ಕೂತಿದ್ದ ಡ್ರಾಯಿಂಗ್ ಮೇಷ್ಟ್ರು ಕದಿರೇಶನಿಗೆ. ಕೇಳಿಸಿದ್ದು ಇಡೀ ಹೋಟೆಲಿಗೆ. ಪಕ್ಕದ ಮೇಜಿನಲ್ಲಿ ಮಂಡಿ ನೀವಿಕೊಳ್ಳುತ್ತ ಕೂತಿದ್ದ ಒಬ್ಬ ಹಳ್ಳಿಯಾತ ಕಾಫಿ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟ.

ರಜಾಕ್ ಹೇಳಿದ್ದು ಕಾಲದ ದೇವರ ವಿಷಯ. ಆದರೆ ನಮ್ಮ ಕಡೆಯ ಬಾಯಿ ಮಾತಿನ ಕೊನೆಯನ್ನು ಕಡಲೆಕಾಯಿ ಸಿಪ್ಪೆಯ ಹಾಗೆ ಉಗಿದುಬಿಡುತ್ತದೆ. ಕಾಲ ಎಂದರೂ ಕಾಲ್, ಕಾಲು ಎಂದರೂ ಕಾಲ್. ಕಾಲದ ತೊಂದರೆ ಇದೆ ಎಂದು ಯಾರೂ ವೈದ್ಯರನ್ನು ಹುಡುಕಿಕೊಂಡು ಹೋಗುವುದಿಲ್ಲ. ಕಾಲಿನ ತೊಂದರೆ ಇರುವವರು ಊರಿನ ತುಂಬ ಇದ್ದರು.

ಕಾಲದ ದೇವರು ಎಂದರೆ ರೇಷ್ಮೆ ಇಲಾಖೆಯ ಗುಮಾಸ್ತ ಸೊಣ್ಣಪ್ಪ. ಆ ಪದವಿಯನ್ನು ಕೊಟ್ಟವಳು ಅವನ ಹೆಂಡತಿ ಶ್ಯಾಮಲಮ್ಮ. ಎದೆಯ ಕಾಯಿಲೆಯಿಂದ ಅವಳು ಹಾಸಿಗೆ ಹಿಡಿದಾಗ ಹೊತ್ತು ಕಳೆಯಲು ಒಂದು ಆಟ ಕಟ್ಟಿದ್ದಳು. ಮೊದಲು ಅದು ಬರೀ ಚೌಕಾಬಾರ. ಆಮೇಲೆ ಮನೆಗಳಿಗೆ ಹೆಸರು ಬಂತು, ಹೆಸರುಗಳಿಗೆ ಕಾಡು, ಕೋಟೆ, ನದಿ ಬಂದವು. ಕದಿರೇಶ ಅದನ್ನೆಲ್ಲ ನಡುಮನೆಯ ನೆಲದ ಮೇಲೆ ಬಣ್ಣದಲ್ಲಿ ಬರೆದುಕೊಟ್ಟ. ಆಡುವವರು ಒಬ್ಬೊಬ್ಬರೂ ಒಂದೊಂದು ಪಾತ್ರ. ಕವಡೆ ಎಸೆದು, ಬಿದ್ದಷ್ಟು ಮನೆ ನಡೆದು, ಅಲ್ಲಿ ತನ್ನ ಪಾತ್ರ ಏನು ಮಾಡಿತು ಎಂದು ಬಾಯಲ್ಲಿ ಹೇಳಬೇಕು. ರಜಾಕ್ ಸೇನಾಪತಿ, ಅವನ ಕಾಯಿ ಒಂದು ಕೋಟಿನ ಗುಂಡಿ. ಕದಿರೇಶ ಕಳ್ಳ, ಅವನದು ಹುಣಸೆಬೀಜ. ಶ್ಯಾಮಲಮ್ಮ ರಾಣಿ. ಕೈ ಸಣ್ಣಗಾಗಿ ಹಸಿರು ಬಳೆ ತಾನಾಗಿ ಜಾರಿ ಬಿದ್ದು ಒಡೆದ ದಿನ, ಅವಳು ಒಂದು ಚೂರನ್ನು ಆರಿಸಿಕೊಂಡು, "ಸದ್ಯ, ರಾಣಿ ಸಿಕ್ಕಿದ್ಲು" ಎಂದಿದ್ದಳು.

"ನಾನೇನಾಗ್ಲಿ?" ಎಂದು ಸೊಣ್ಣಪ್ಪ ಕೇಳಿದ್ದ.

"ದಿನಾ ಆಫೀಸಿಗೆ ಲೇಟು ಹೋಗೋರು ನೀವು. ಕಾಲದ ದೇವ್ರಾಗಿ. ಹೊತ್ತು ನಿಮ್ಮ ಮಾತು ಕೇಳ್ಲಿ."

ಕಾಲದ ದೇವರಿಗೆ ಕಾಯಿ ಇಲ್ಲ. ಗೋಡೆಗೆ ಒರಗಿ ಕೂತು, 'ಬೆಳಗಾಯ್ತು', 'ಕತ್ತಲಾಯ್ತು' ಎನ್ನುವುದಷ್ಟೇ ಅವನ ಕೆಲಸ. ಅವನು ಬೆಳಗಾಯ್ತು ಅನ್ನುವ ತನಕ ರಾಜ್ಯದಲ್ಲಿ ಯಾರೂ ಕದಲುವಂತಿಲ್ಲ.

ಹಿಂದಿನ ವರ್ಷ ಯುಗಾದಿ ಕಳೆದ ಮೇಲೆ ಒಂದು ಸಂಜೆ ಸೊಣ್ಣಪ್ಪ 'ಕತ್ತಲಾಯ್ತು' ಎಂದ. ರಾಣಿ ಆಗ ನದಿಯ ದಡದಲ್ಲಿ ದೋಣಿಗಾಗಿ ಕಾಯುತ್ತಿದ್ದಳು. ಮಾರನೆಯ ಬೆಳಿಗ್ಗೆ ಶ್ಯಾಮಲಮ್ಮ ಏಳಲಿಲ್ಲ. ಸೊಣ್ಣಪ್ಪ ಅಂದಿನಿಂದ ಬೆಳಗಾಯ್ತು ಅಂದಿಲ್ಲ. ಆ ರಾಜ್ಯದಲ್ಲಿ ಕತ್ತಲೆ ಹಾಗೇ ಇತ್ತು. ಅವನು ನೆಲ ಗುಡಿಸುವಾಗ ಚಿತ್ರದ ಸುತ್ತ ಗುಡಿಸುತ್ತಿದ್ದ, ಒರೆಸುವಾಗ ಸುತ್ತ ಒರೆಸುತ್ತಿದ್ದ. ಬೆಳಗಾಯಿತೆಂದರೆ ದೋಣಿ ಬರಬೇಕು, ದೋಣಿ ಬಂದರೆ ರಾಣಿ ಆಚೆ ದಡಕ್ಕೆ ಹೋಗಬೇಕು. ಆ ಬಳೆಚೂರು ಇದ್ದಲ್ಲಿಯೇ ಇರಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಈ ಭಾನುವಾರ ಗೆಳೆಯರಿಬ್ಬರೂ ಹೋಟೆಲಿನಿಂದ ನೇರವಾಗಿ ಬಂದು ಚಿತ್ರದ ಪಕ್ಕ ಕೂತರು.

"ನೋಡು ಸೊಣ್ಣಪ್ಪಾ, ನನ್ನ ಕುದುರೆ ಒಂದು ಕಾಲೆತ್ಕೊಂಡು ನಿಂತು ವರ್ಷ ಆಗ್ತಾ ಬಂತು" ಎಂದ ರಜಾಕ್. "ಕುದುರೆಗೂ ಜೀವ ಇಲ್ವಾ?"

"ನಾನಂತೂ ಕದ್ದ ಮೂಟೆ ತಲೆ ಮೇಲೆ ಹೊತ್ಕೊಂಡು ನಿಂತಿದೀನಿ" ಎಂದ ಕದಿರೇಶ. "ಕತ್ತು ಬಿದ್ದೋಯ್ತು. ಒಂದ್ಸಲ ಬೆಳಗಾಯ್ತು ಅಂದ್ಬಿಡಿ. ಪೊಲೀಸ್ರಾದ್ರೂ ಹಿಡೀಲಿ."

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ಹೋಟೆಲಿನಲ್ಲಿ ಮಂಡಿ ನೀವಿಕೊಳ್ಳುತ್ತಿದ್ದವನು, ಗೆಳೆಯರ ಹಿಂದೆಯೇ ಬಂದಿದ್ದ. ಅವನ ಹಿಂದೆ ಊರುಗೋಲಿನವನೊಬ್ಬ, ಅವನ ಹಿಂದೆ ಆನೆಕಾಲಿನವನೊಬ್ಬ. ಬಂದವನು ನೆಲದ ಮೇಲಿನ ಚಿತ್ರ ನೋಡಿದ, ಗೋಡೆಯಲ್ಲಿ ಹಾರ ಹಾಕಿದ್ದ ಶ್ಯಾಮಲಮ್ಮನ ಫೋಟೋ ನೋಡಿದ, ಅದರ ಮುಂದಿನ ದೀಪ ನೋಡಿದ. ಚಪ್ಪಲಿ ಬಿಟ್ಟು ಕೈ ಮುಗಿದ.

"ಸಾಮಿ, ಮಂಡಿ."

"ಏನು ಮಂಡಿ?"

"ಮಡಚಕ್ಕಾಗಲ್ಲ ಸಾಮಿ. ಮಡಚಿದ್ರೆ ಬಿಡಿಸಕ್ಕಾಗಲ್ಲ."

ವಿಷಯ ತಿಳಿದಾಗ ರಜಾಕ್ ಮುಖವನ್ನು ಟವೆಲಿನಲ್ಲಿ ಮುಚ್ಚಿಕೊಂಡ. ಅವನು ನಗುತ್ತಿದ್ದನೋ ಹೆದರಿದ್ದನೋ ಗೊತ್ತಾಗಲಿಲ್ಲ. ಸೊಣ್ಣಪ್ಪ ಶಾಲೆಯ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದ: "ಕಾಲು ಅಲ್ಲಪ್ಪ, ಕಾಲ. ಹೊತ್ತು, ಸಮಯ, ಅದು."

"ಹೊತ್ತು ಬಂದ್ರೆ ಕಾಲೂ ಬರುತ್ತೆ ಬಿಡಿ ಸಾಮಿ."

"ಇದು ಆಟ ಕಣಯ್ಯ. ಬರೀ ಆಟ."

"ಎಲ್ಲಾ ಅವನಾಟಾನೇ ಅಲ್ವಾ" ಎಂದು ಆತ ಕೆನ್ನೆ ಬಡಿದುಕೊಂಡ.

ಪಕ್ಕದ ಮನೆಯ ಅಶ್ವತ್ಥಮ್ಮ ಒಳಗೆ ಬಂದದ್ದು ಆಗ. ಬೀದಿಯಲ್ಲಿ ಯಾರ ಮನೆಗೆ ಯಾರು ಬಂದರೂ ಮೊದಲು ಅವಳಿಗೆ ಗೊತ್ತಾಗಬೇಕು. ಇಲ್ಲದಿದ್ದರೆ ಅವಳಿಗೆ ಅನ್ನ ಅರಗುತ್ತಿರಲಿಲ್ಲ. ಬಾಗಿಲಲ್ಲಿ ಆಗಲೇ ಹದಿನೈದು ಇಪ್ಪತ್ತು ಜನ ಸೇರಿದ್ದರು.

"ನಾನು ಅವತ್ತೇ ಅಂದಿದ್ದೆ" ಎಂದಳು. "ನೆಲ ಒರೆಸ್ಕೊಡ್ತೀನಿ ಅಂದ್ರೆ ಆ ಚಿತ್ರ ಮುಟ್ಟಬೇಡಿ ಮುಟ್ಟಬೇಡಿ ಅಂತಿದ್ರು ಸೊಣ್ಣಪ್ನೋರು. ಸುಮ್ಸುಮ್ನೆ ಅಂತಾರಾ? ಶಕ್ತಿ ಇದೆ ಅಲ್ಲಿ. ಏಯ್, ಸಾಲಾಗಿ ನಿಲ್ರಿ. ಹೆಂಗಸ್ರು ಈ ಕಡೆ."

"ಅಶ್ವತ್ಥಮ್ಮನೋರೇ, ದಯವಿಟ್ಟು ಇವರನ್ನ ಕಳಿಸ್ಬಿಡಿ."

"ಬಂದೋರನ್ನ ಬರಿಗೈಲಿ ಕಳಿಸ್ತಾರಾ?"

ಅವಳು ಮನೆಗೆ ಓಡಿ ಅರಿಶಿನ ಹಚ್ಚಿದ ದಾರದುಂಡೆ ತಂದಳು. ಜನ ಹೆಚ್ಚಿದರು. ಯಾರೋ ಕಾಡಿನ ಮೇಲೆ ತೆಂಗಿನಕಾಯಿ ಇಟ್ಟರು. ಯಾರೋ ಕೋಟೆಯೊಳಗೆ ಬಾಳೆಹಣ್ಣು ಇಟ್ಟರು. ಆನೆಕಾಲಿನವನು ಬಾಗಿ ನಮಸ್ಕಾರ ಮಾಡುವಾಗ ಸೇನಾಪತಿ ಅವನ ಪಾದದ ಕೆಳಗೆ ಸಿಕ್ಕಿ ಎರಡು ಹೋಳಾದ. ರಜಾಕ್ ಹೋಳುಗಳನ್ನು ಜೇಬಿಗೆ ಹಾಕಿಕೊಂಡು, "ವೀರಸ್ವರ್ಗ" ಎಂದ.

ಸೊಣ್ಣಪ್ಪ ಪೊರಕೆ ಹಿಡಿದು ನದಿಯ ದಡದಲ್ಲಿ ಕಾವಲು ನಿಂತಿದ್ದ. ಎಷ್ಟು ಹೊತ್ತು ನಿಂತಾನು? ಕದಿರೇಶ ಅವನ ಕಿವಿಯಲ್ಲಿ, "ಇವರನ್ನ ಹಿತ್ಲಿಗೆ ಕರ್ಕೊಂಡು ಹೋಗಿ ಏನಾದ್ರೂ ಎರಡು ಮಾತು ಹೇಳಿ ಕಳಿಸ್ಬಿಡಿ. ಚಿತ್ರಕ್ಕೆ ಏನೂ ಆಗಲ್ಲ" ಎಂದ. ಅದು ಸರಿ ಅನ್ನಿಸಿತು. ಸೊಣ್ಣಪ್ಪ ಜನರನ್ನು ಹಿತ್ತಿಲಿಗೆ ಕರೆದೊಯ್ದು, ಒಬ್ಬೊಬ್ಬರಿಗೂ, "ಹರಳೆಣ್ಣೆ ಬಿಸಿ ಮಾಡಿ ಹಚ್ಚಿ, ಆಸ್ಪತ್ರೆಗೆ ಹೋಗಿ" ಎಂದು ಹೇಳುತ್ತ ಹೋದ. ದೇವರು ಇಷ್ಟು ಸುಲಭದ ಮದ್ದು ಹೇಳಿದ್ದು ಕೆಲವರಿಗೆ ರುಚಿಸಲಿಲ್ಲ. ಒಬ್ಬ, "ಕುರಿ ಗಿರಿ ಏನೂ ಬೇಡ್ವಾ ಸಾಮಿ?" ಎಂದು ಕೇಳಿ, ಬೇಡ ಅನ್ನಿಸಿಕೊಂಡು, ಅನುಮಾನದಿಂದ ಹೊರಟ.

ಕೊನೆಯವನನ್ನು ಕಳಿಸಿ ಒಳಗೆ ಬಂದಾಗ ಹನ್ನೊಂದಾಗಿತ್ತು. ನದಿಯ ದಡ ಖಾಲಿಯಿತ್ತು.

ತೆಂಗಿನಕಾಯಿ ಎತ್ತಿ ನೋಡಿದ. ಬಾಳೆಹಣ್ಣಿನ ಕೆಳಗೆ ನೋಡಿದ. ಚಾಪೆ ಕೊಡವಿದ. ಆಮೇಲೆ ಮಂಡಿಯೂರಿ, ಅಂಗೈಯಿಂದ ನೆಲವನ್ನು ಸವರುತ್ತ ಹೋದ. ಗೆಳೆಯರಿಗೆ ಅವನನ್ನು ನೋಡಲಾಗಲಿಲ್ಲ. ಅವರೂ ನೆಲಕ್ಕಿಳಿದು ಹುಡುಕಿದರು.

"ಏನ್ ಹುಡುಕ್ತಿದೀರಾ?" ಎಂದಳು ಅಶ್ವತ್ಥಮ್ಮ.

"ಬಳೆಚೂರು. ಹಸಿರುದು."

"ಅದಾ? ನಾನೇ ಕೊಟ್ಟೆ. ಶ್ರೀನಿವಾಸಪುರದ ರಸ್ತೆ ಕಡೆ ಹಳ್ಳಿಯೋಳು, ಅಕ್ಕಯಮ್ಮ ಅಂತ ಮುದುಕಿ. ಮಗ ಸೈಕಲ್ ಮೇಲೆ ಕೂರಿಸ್ಕೊಂಡು ಬಂದಿದ್ದ. ಎಲ್ಲರಿಗೂ ದಾರ ಆಯ್ತು, ಅವಳ ಹೊತ್ತಿಗೆ ದಾರ ಒಂದು ಗೇಣು ಉಳಿದಿತ್ತು. ಬರೀ ದಾರ ಏನ್ ಚೆನ್ನ ಅಂತ ಆ ಚೂರು ಕಟ್ಕೊಟ್ಟೆ. ಒಡೆದ ಬಳೆ ತಾನೇ ಸೊಣ್ಣಪ್ನೋರೇ, ಮನೇಲಿಟ್ಕೋಬಾರ್ದು."

ಸೊಣ್ಣಪ್ಪ ಅವಳ ಮುಖ ನೋಡಿದ. ರಜಾಕನ ಸೈಕಲ್ ಹತ್ತಿ ಹೊರಟ.

ರಜಾಕನ ಸೈಕಲ್ಲು ರಜಾಕನ ಮಾತನ್ನು ಮಾತ್ರ ಕೇಳುತ್ತಿತ್ತು. ಊರು ದಾಟುವುದರೊಳಗೆ ಎರಡು ಸಲ ಚೈನು ಕಳಚಿತು. ಮೂರನೆಯ ಸಲ ಇಳಿಜಾರಿನಲ್ಲಿ ಕಳಚಿ, ಸೊಣ್ಣಪ್ಪ ಸೈಕಲ್ ಸಮೇತ ಚರಂಡಿಗೆ ಬಿದ್ದ. ಎದ್ದಾಗ ಬಲಗಾಲಿನ ಹರಡಿನ ಗಂಟು, ಪಾದ ನೆಲಕ್ಕೆ ತಾಗಿಸಲಾಗದಷ್ಟು ಊದಿಕೊಳ್ಳತೊಡಗಿತ್ತು. ಸೈಕಲ್ಲನ್ನು ಊರುಗೋಲಿನಂತೆ ಹಿಡಿದು, ಕುಂಟುತ್ತ ನಡೆದ. ಬಿಸಿಲು ನೆತ್ತಿಗೆ ಬಂದಿತ್ತು. ಎದುರಿಗೆ ಬಂದ ಗಾಡಿಯವನು, "ಏನ್ ಸಾಮಿ, ಸೈಕಲ್ಲಿಗೆ ಹುಷಾರಿಲ್ವಾ?" ಎಂದು ಕೇಳಿ ಮುಂದೆ ಹೋದ.

ರಸ್ತೆಯ ತಿರುವಿನಲ್ಲಿ ಹೊಂಗೆ ಮರದಡಿ, ಮೈಲಿಗಲ್ಲಿನ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಕೈಯಲ್ಲಿ ಒಂದು ತಂಗಡಿ ಗಿಡದ ಕೋಲು. ಜೊತೆಗೆ ಯಾರೂ ಇರಲಿಲ್ಲ.

"ಅಕ್ಕಯಮ್ಮ ಅನ್ನೋರು ಈ ಕಡೆ ಹೋದ್ರಾ ಅಮ್ಮ?"

"ನಾನೇ ನಾಯನಾ. ಯಾರು ಕಳಿಸಿದ್ದು? ನನ್ ಮಗನಾ? ನಡ್ಕೊಂಡೇ ಬರ್ತೀನಿ ಅಂತ ಹೇಳಿ ಅವನ್ನ ಮುಂದೆ ಕಳಿಸ್ದೆ. ಎಸರಿಡಕ್ಕೆ ಹೇಳು ಅಂತ."

ಅವಳು ಉತ್ತರಕ್ಕೆ ಕಾಯಲಿಲ್ಲ.

"ನಮ್ಮೋರು ಹೋದ ದಿನ ನನ್ ಕಾಲು ನಿಂತೋಯ್ತು ನಾಯನಾ. ಮಣ್ಣು ಮಾಡಿ ಎಲ್ರೂ ಎದ್ರು, ನಾನು ಏಳ್ಲಿಲ್ಲ. ಮನೆಯೊಳಗೆ ಗೋಡೆ ಹಿಡ್ಕೊಂಡು ಓಡಾಡ್ತಿದ್ದೆ, ಹೊಸ್ತಿಲು ದಾಟಕ್ಕೆ ಆಗ್ತಿರಲಿಲ್ಲ. ಕಾಲಲ್ಲಿ ಏನೂ ಇಲ್ಲ ಅಂದ್ರು ಡಾಕ್ಟ್ರು. ಏನೂ ಇಲ್ದಿದ್ರೆ ಯಾಕೆ ನಿಂತೋಯ್ತು ಹೇಳು?"

"ಗೊತ್ತಿಲ್ಲ ಅಮ್ಮ" ಎಂದ ಸೊಣ್ಣಪ್ಪ. ನಿಜವಾಗಿ ಗೊತ್ತಿತ್ತು.

ಹಸಿರು ಚೂರು ಅವಳ ಎಡಗಾಲಿನ ಹರಡಿನ ಮೇಲೆ ಅರಿಶಿನದ ದಾರದಲ್ಲಿ ಬಿಗಿಯಾಗಿ ಕೂತಿತ್ತು. ಸೆರಗಿನ ಧೂಳು ಅದರ ಮೇಲೆ ಬಿದ್ದಿತ್ತು. ಅದು ತನ್ನ ಹೆಂಡತಿಯದು, ದಯವಿಟ್ಟು ಕೊಡಿ, ಬೇರೆ ದಾರ ಕಟ್ಟಿಕೊಡುತ್ತೇನೆ: ಇಷ್ಟನ್ನು ಅವನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಬಾಯಿ ತೆರೆದ.

ಅವನ ಕಣ್ಣು ಎಲ್ಲಿದೆ ಎಂದು ಮುದುಕಿ ನೋಡಿದಳು. ಸೀರೆಯ ಅಂಚನ್ನು ಸ್ವಲ್ಪ ಮೇಲೆತ್ತಿದಳು.

"ಚೆನ್ನಾಗಿದೆ ಅಲ್ಲ? ಅವರು ಹೋದ್ಮೇಲೆ ಕೈಯಿಂದ ಬಳೆ ತೆಗೆದ್ರು. ಕೈಗೆ ಬೇಡ ಅಂದ್ರೆ ಬೇಡ, ಕಾಲಿಗೆ ಹಾಕ್ಕೋ ಅಂತ ದೇವ್ರೇ ಕೊಟ್ಟ ನೋಡು."

ಅವನು ತೆರೆದ ಬಾಯಿ ಮುಚ್ಚಿದ. ಕೊನೆಯ ಸಲ ಹತ್ತಿರದಿಂದ ನೋಡೋಣವೆಂದು ಕುಂಟುಗಾಲಿನಲ್ಲೇ ಬಾಗಿದ. ಬೆರಳು ಅರ್ಧ ದೂರ ಹೋಯಿತು. ಅವನು ಕಾಲಿಗೆ ಬೀಳುತ್ತಿದ್ದಾನೆಂದು ಮುದುಕಿ ತಿಳಿದಳು. ತಲೆಯ ಮೇಲೆ ಕೈ ಇಟ್ಟು ತೆಲುಗಿನಲ್ಲಿ, "ನಿಂಡು ನೂರೇಳ್ಳು ಚಲ್ಲಗಾ ಉಂಡು ನಾಯನಾ" ಎಂದಳು. ಆ ಬಿಸಿಲಿನಲ್ಲಿ ಪೂರ್ತಿ ನೂರು ವರ್ಷ ತಣ್ಣಗೆ ಬಾಳೆಂಬ ಹರಕೆ ಬಹಳ ಉದ್ದವಾಗಿ ಕೇಳಿಸಿತು.

ಅವನು ಹಲ್ಲು ಕಚ್ಚಿಕೊಂಡು ನೆಟ್ಟಗಾದಾಗ ಮುದುಕಿ ಅವನ ಊದಿದ ಹರಡನ್ನು ನೋಡಿದಳು.

"ಅಯ್ಯೋ, ನಿನ್ ಕಾಲೂ ಹೋಗಿದ್ಯಲ್ಲೋ. ಮೊದ್ಲೇ ಹೇಳ್ಬಾರ್ದಾ? ನೋಡು, ನೆಟ್ಟಗೆ ಮುಳಬಾಗಿಲಿಗೆ ಹೋಗು. ಅಲ್ಲಿ ಕಾಲ್ ದೇವ್ರು ಅಂತ ಇದ್ದಾನೆ. ನಡುಮನೇಲಿ ಚಿತ್ರ ಇದೆ, ಗೋಡೇಲಿ ಒಂದು ಅಮ್ಮನ ಫೋಟೋ ಇದೆ. ನಾನು ಹೋದಾಗ ದೇವ್ರು ಹಿತ್ಲಲ್ಲಿದ್ದ, ಮುಖ ನೋಡ್ಲಿಲ್ಲ. ನಿನಗೆ ಅದೃಷ್ಟ ಇದ್ರೆ ಸಿಗ್ತಾನೆ."

"ಸಿಗ್ತಾನಾ ಅಮ್ಮ?"

"ಯಾಕೆ ಸಿಗಲ್ಲ? ಮನೇಲೇ ಇರ್ತಾನಂತೆ, ಎಲ್ಲಿಗೂ ಹೋಗಲ್ವಂತೆ."

"ದೂರಾನಾ?"

"ಏನ್ ದೂರ, ನಾನೇ ನಡ್ಕೊಂಡು ಬಂದೆ" ಎಂದು ಅವಳು ಕೋಲೂರಿ ಎದ್ದಳು. ಮೊದಲ ಹೆಜ್ಜೆಗೆ ಸ್ವಲ್ಪ ತೂಗಾಡಿ, ಆಮೇಲೆ ತನ್ನ ಊರಿನ ಕಡೆ ಹೊರಟಳು.

ಅವಳು ತಿರುವಿನಲ್ಲಿ ಮರೆಯಾಗುವ ತನಕ ಸೊಣ್ಣಪ್ಪ ನಿಂತಿದ್ದ. ಆಮೇಲೆ ಸೈಕಲ್ಲನ್ನು ಊರಿನ ಕಡೆ ತಿರುಗಿಸಿದ. ಅವಳು ಎದ್ದು ಹೋದ ಮೇಲೆ ಕಲ್ಲಿನ ಮೇಲಿನ ಅಕ್ಷರ ಕಾಣುತ್ತಿತ್ತು. ಮುಳಬಾಗಿಲು, ನಾಲ್ಕು ಕಿಲೋಮೀಟರ್.